ದಕ್ಷಿಣಕ್ಕೆ ಮುಖ ಮಾಡಿದ ದೀಪಗಳು

ಹೋದ ತಿಂಗಳು ಅರಸೀಕೆರೆಯ ನಮ್ಮ ಬೀದಿಯಲ್ಲೇ ಹಿರಿಯರೊಬ್ಬರು ತೀರಿಕೊಂಡರು. ಮಾತಾಡಿಸಿಕೊಂಡು ಬರೋಣವೆಂದು ಹೋದೆ. ನಡುಮನೆಯ ಮೂಲೆಯಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಹಣತೆಯೊಂದು ಉರಿಯುತ್ತಿತ್ತು. ಈ ಕಾಲದಲ್ಲೂ ಆ ಮನೆಯವರು ಹರಳೆಣ್ಣೆಯನ್ನೇ ಹಾಕಿದ್ದರು. ಯಾರೋ ಬಾಗಿಲು ತೆಗೆದರು, ಗಾಳಿಗೆ ಬತ್ತಿ ಕುಗ್ಗಿ ಒಂದಿಷ್ಟು ಕಮಟು ಹೊಗೆ ಬಿಟ್ಟು ಮತ್ತೆ ಹತ್ತಿಕೊಂಡಿತು. ಆ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಮಾವನವರ ಮೇಲೆ ಈ ಮೇಡಂಗೆ ಎಷ್ಟು ಅಭಿಮಾನ ಎಂದುಕೊಂಡು ಅವರ ಸೊಸೆ ನೀರು ತಂದುಕೊಟ್ಟಳು. ನಿಜ ಹೇಳಬೇಕೆಂದರೆ ತೀರಿಕೊಂಡವರು ಬೆಳಗಾಗೆದ್ದು ನನ್ನ ಕಾಂಪೌಂಡಿನ ದಾಸವಾಳ ಕಿತ್ತುಕೊಂಡು ಹೋಗುತ್ತಿದ್ದವರು, ನಮಗಿಬ್ಬರಿಗೂ ಮಾತೇ ಇರಲಿಲ್ಲ. ನಾನು ಅತ್ತದ್ದು ಹಳೇಬೀಡಿನ ಒಂದು ಬೇಸಿಗೆಗೆ.

ಅರವತ್ತರ ದಶಕದ ಮಾತು. ಟ್ರೈನಿಂಗ್ ಮುಗಿಸಿದ್ದ ನನಗೆ ಹಳೇಬೀಡಿನ ಪ್ರೈಮರಿ ಶಾಲೆಗೆ ಆರ್ಡರ್ ಬಂದಿತ್ತು. ಜಂಕ್ಷನ್ನಿನ ಪಕ್ಕದಲ್ಲಿ ಹಗಲೂ ರಾತ್ರಿ ರೈಲಿನ ಸದ್ದು ಕೇಳಿಕೊಂಡು ಬೆಳೆದವಳಿಗೆ ಆ ಊರಿನ ನಿಶ್ಶಬ್ದವೇ ನಿದ್ದೆ ಕೆಡಿಸುತ್ತಿತ್ತು. ಅಲ್ಲಿ ನನ್ನ ಚಿಕ್ಕಮ್ಮ ಜಯಮ್ಮನ ಮನೆ ಇದ್ದುದರಿಂದ ಅಪ್ಪ ಒಪ್ಪಿದರು. ಚಿಕ್ಕಪ್ಪ ಶ್ರೀಕಂಠಯ್ಯನವರು ಒಂದು ಸಣ್ಣ ಈಶ್ವರನ ಗುಡಿಯ ಅರ್ಚಕರು, ಊರಿನ ಪೌರೋಹಿತ್ಯವೂ ಅವರದೇ. ಸಾಧು ಮನುಷ್ಯರು, ಆದರೆ ನಾಲಿಗೆಯ ಮೇಲೆ ಹತೋಟಿ ಇರಲಿಲ್ಲ. ಮನಸ್ಸಿಗೆ ಬಂದದ್ದು ಬಾಯಿಗೆ ಬರುವುದಕ್ಕೆ ಅವರಲ್ಲಿ ಹೊತ್ತೇ ಹಿಡಿಯುತ್ತಿರಲಿಲ್ಲ.

ದೊಡ್ಡ ದೇವಸ್ಥಾನ ನೋಡಲು ಬರುವ ಬಿಳಿಯರು ಊರಿಗೆ ಹೊಸಬರಲ್ಲ. ಬರುತ್ತಿದ್ದರು, ಫೋಟೋ ಹಿಡಿಯುತ್ತಿದ್ದರು, ಹೋಗುತ್ತಿದ್ದರು. ಹೋಗದೆ ಉಳಿದವರು ಒಬ್ಬರೇ, ಎಂಜಿನ್ ಸಾಹೇಬರು. ಹೆಸರು ವಾಲ್ಟರ್ ಎಂದು, ಜರ್ಮನಿಯವರು. ಅರೇಹಳ್ಳಿ ಕಡೆಯ ಒಂದು ಕಾಫಿ ತೋಟದಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್ ಮಿಷನ್ನು ನೋಡಿಕೊಳ್ಳುತ್ತಿದ್ದರಂತೆ, ಇಂಗ್ಲಿಷ್ ದೊರೆ ತೋಟ ಮಾರಿ ಊರಿಗೆ ಹೋದ ಮೇಲೆ ಇಲ್ಲಿಗೆ ಬಂದು ಕೆರೆಯ ಕೆಳಗೆ ಒಂದು ಶೆಡ್ಡು ಹಾಕಿಕೊಂಡರು. ಸುತ್ತಿನ ಹಳ್ಳಿಗಳಲ್ಲಿ ಆಗ ಬಾವಿಗೆ ಆಯಿಲ್ ಎಂಜಿನ್ ಇಡಿಸುವ ಹುಚ್ಚು. ಕೆಟ್ಟ ಎಂಜಿನ್ನುಗಳೆಲ್ಲ ಗಾಡಿಯ ಮೇಲೆ ಮಲಗಿಕೊಂಡು ಸಾಹೇಬರ ಶೆಡ್ಡಿಗೆ ಬರುತ್ತಿದ್ದವು. ಅವರ ಕನ್ನಡ ತೋಟದ ಆಳುಗಳಿಂದ ಕಲಿತದ್ದು. ಶ್ಯಾನುಭೋಗರಿರಲಿ, ಸ್ವಾಮಿಗಳಿರಲಿ, ಎಲ್ಲರಿಗೂ "ಬಾ, ಕೂತ್ಕೋ" ಎನ್ನುತ್ತಿದ್ದರು. ಊರು ಅದಕ್ಕೆ ಒಗ್ಗಿಹೋಗಿತ್ತು.

ನಾನು ಆ ವರ್ಷ ಖಾಸಗಿಯಾಗಿ ಪಿ.ಯು.ಸಿ.ಗೆ ಕಟ್ಟಿದ್ದೆ. ಗಣಿತ ಎಂದರೆ ಕೈಕಾಲು ತಣ್ಣಗಾಗುತ್ತಿತ್ತು. ಸಾಹೇಬರು ಓದಿದವರು ಎಂದು ಗೊತ್ತಾಗಿ ಹೇಳಿಕೊಡುತ್ತೀರಾ ಎಂದು ಕೇಳಿದೆ. ಶಾಲೆ ಬಿಟ್ಟ ಮೇಲೆ ಚಿಕ್ಕಮ್ಮ ಹೂವಿನ ಬುಟ್ಟಿ ಹಿಡಿದುಕೊಂಡು ನನ್ನ ಜೊತೆ ಬಂದು ಶೆಡ್ಡಿನ ಬಾಗಿಲಲ್ಲಿ ಕೂತು ಹೂ ಕಟ್ಟುತ್ತಿದ್ದಳು. ಸಾಹೇಬರು ಗ್ರೀಸಿನ ಕೈಯಲ್ಲೇ ಸ್ಲೇಟಿನ ಮೇಲೆ ತ್ರಿಕೋನ ಬರೆಯುತ್ತಿದ್ದರು. ನಾನು ತಪ್ಪು ಮಾಡಿದಾಗಲೆಲ್ಲ "ನಿನಗೆ ಅವಸರ. ಯೋಚನೆ ಮಾಡು" ಎನ್ನುತ್ತಿದ್ದರು. ನನ್ನ ಜೀವಮಾನದಲ್ಲಿ ಅಷ್ಟು ತಾಳ್ಮೆಯ ಮೇಷ್ಟ್ರನ್ನು ನಾನು ಕಂಡಿಲ್ಲ.

ಹೀಗೆ ಇರುವಾಗ ಪೇಪರಿನಲ್ಲಿ ಆ ಸುದ್ದಿ ಬಂತು.

ಬೆಂಗಳೂರಿನ ಪೇಪರು ಅರಸೀಕೆರೆಯಲ್ಲಿ ರೈಲಿನಿಂದಿಳಿದು, ಬಸ್ಸು ಹತ್ತಿ, ಹಳೇಬೀಡಿಗೆ ಬರುವಾಗ ಮಧ್ಯಾಹ್ನ. ಅದನ್ನು ಮೊದಲು ಬಿಚ್ಚುವ ಹಕ್ಕು ಬಸ್ ಏಜೆಂಟ್ ಪುಟ್ಟಸ್ವಾಮಿಯದು. ಹೋಟೆಲಿನ ಮುಂದಿನ ಬೆಂಚಿನ ಮೇಲೆ ಕಾಲು ಮಡಚಿ ಕೂತು ಗಟ್ಟಿಯಾಗಿ ಓದಬೇಕು, ಊರು ಕೇಳಬೇಕು. ನಮ್ಮ ಶಾಲೆ ಎದುರಿಗೇ ಇದ್ದುದರಿಂದ ನನ್ನ ಮೂರನೇ ಕ್ಲಾಸೂ ಅವನ ಪೇಪರು ಕೇಳಿಯೇ ಬೆಳೆಯುತ್ತಿತ್ತು. ಆ ದಿನ ಅವನ ದನಿ ಇದ್ದಕ್ಕಿದ್ದಂತೆ ಏರಿತು. ಯುದ್ಧದ ಕಾಲದಲ್ಲಿ ಲೆಕ್ಕವಿಲ್ಲದಷ್ಟು ಜನರನ್ನು ಕೊಲ್ಲಿಸಿ ತಲೆಮರೆಸಿಕೊಂಡ ಜರ್ಮನಿಯ ಅಧಿಕಾರಿಯೊಬ್ಬನ ಸುಳಿವು ಕೊಟ್ಟವರಿಗೆ ಅಲ್ಲಿನ ಸರ್ಕಾರ ಭಾರಿ ಇನಾಮು ಕೊಡುತ್ತದಂತೆ. ಅವನು ಹೆಸರು ಬದಲಾಯಿಸಿಕೊಂಡು ದೂರದ ಯಾವುದೋ ದೇಶದಲ್ಲಿ ಸಣ್ಣ ಪುಟ್ಟ ಕೆಲಸ ಮಾಡಿಕೊಂಡು ಇರಬಹುದಂತೆ.

"ದೂರದ ದೇಶ, ಸಣ್ಣ ಕೆಲ್ಸ, ಜರ್ಮನಿಯೋನು. ಕೇಳಿಸ್ಕಂಡ್ರೇನ್ಲಾ?" ಎಂದ ಪುಟ್ಟಸ್ವಾಮಿ. ಎಲ್ಲರೂ ನಕ್ಕರು. ಅವತ್ತು ಅದು ತಮಾಷೆಯೇ ಆಗಿತ್ತು.

ನಾನೂ ತಮಾಷೆಗೆಂದೇ ಸಂಜೆ ಸಾಹೇಬರಿಗೆ ಹೇಳಿದೆ. ಅವರು ನಗಲಿಲ್ಲ. ಕೈಯಲ್ಲಿದ್ದ ಸ್ಪಾನರ್ ಕೆಳಗಿಟ್ಟರು. "ಏನು ಬರೆದಿದ್ದಾರೆ? ಮತ್ತೆ ಹೇಳು" ಎಂದರು. ಮತ್ತೆ ಹೇಳಿದೆ. ಆ ಅಧಿಕಾರಿಯ ಹೆಸರು ಕೇಳಿದರು. ನನ್ನ ಬಾಯಲ್ಲಿ ಅದು ತಿರುಗಲೇ ಇಲ್ಲ. ಅವರೇ ಒಂದು ಹೆಸರು ಹೇಳಿ "ಇದಾ?" ಎಂದರು. ಹೌದು, ಅದೇ ಥರ ಇತ್ತು ಎಂದೆ. ಅವರ ಮುಖ ಬಿಳಿಚಿಕೊಂಡಿತು. "ಇವತ್ತು ಪಾಠ ಇಲ್ಲ. ಮನೆಗೆ ಹೋಗು" ಎಂದು ಶೆಡ್ಡಿನ ಬಾಗಿಲು ಹಾಕಿಕೊಂಡುಬಿಟ್ಟರು.

ದಾರಿಯಲ್ಲಿ ನಾನು ಚಿಕ್ಕಮ್ಮನ ಮುಖ ನೋಡಿದೆ, ಚಿಕ್ಕಮ್ಮ ನನ್ನ ಮುಖ ನೋಡಿದಳು. ಇಬ್ಬರಿಗೂ ಒಂದೇ ಯೋಚನೆ ಬಂದಿತ್ತು. ಪೇಪರು ನೋಡದ ಮನುಷ್ಯನಿಗೆ ಆ ಹೆಸರು ಹೇಗೆ ಗೊತ್ತು?

"ಯಾರ ಹತ್ತಿರಾನೂ ಬಾಯಿ ಬಿಡಬೇಡ ಕಣೇ ಲಲಿತಾ. ಮುಖ್ಯವಾಗಿ ನಿಮ್ಮ ಚಿಕ್ಕಪ್ಪನ ಹತ್ತಿರ" ಎಂದಳು.

ನಾವು ಬಾಯಿ ಬಿಡಲಿಲ್ಲ. ಶೆಡ್ಡೇ ಬಾಯಿ ಬಿಟ್ಟಿತು. ಎಂಜಿನ್ನು ತಂದವರೆಲ್ಲ ಮುಚ್ಚಿದ ಬಾಗಿಲು ನೋಡಿ ವಾಪಸ್ಸು ಹೋದರು. ಪೇಪರಿನ ಸುದ್ದಿ ಬಂದದ್ದಕ್ಕೂ ಸಾಹೇಬರು ಬಾಗಿಲು ಹಾಕಿಕೊಂಡದ್ದಕ್ಕೂ ನಂಟು ಕಲ್ಪಿಸುವುದು ಯಾರಿಗೂ ಕಷ್ಟವಾಗಲಿಲ್ಲ. ಹಾಗೆ ಯುಗಾದಿಯ ಹಿಂದಿನ ದಿನ ಬಂತು, ಫಾಲ್ಗುಣದ ಅಮಾವಾಸ್ಯೆ. ಮನೆಮನೆಯಲ್ಲೂ ಸಾರಿಸಿ ರಂಗೋಲಿ ಹಾಕುವ ಸಡಗರ. ಸಂಜೆ ಗುಡಿಯ ಪೂಜೆ ಮುಗಿಸಿಕೊಂಡು ಕೆರೆ ಏರಿಯ ಮೇಲೆ ಬರುತ್ತಿದ್ದ ಚಿಕ್ಕಪ್ಪ ಕೆಳಗೆ ನೋಡುತ್ತಾರೆ, ಶೆಡ್ಡಿನ ಜಗಲಿಯ ಮೇಲೆ ಸಾಲಾಗಿ ಹಣತೆ. ಒಂದಲ್ಲ, ಎರಡಲ್ಲ, ಜಗಲಿ ಮುಗಿದು ಮೆಟ್ಟಿಲ ಮೇಲೂ ಇಳಿದಿವೆ. ಎಲ್ಲ ಬತ್ತಿಗಳ ಮುಖವೂ ದಕ್ಷಿಣಕ್ಕೆ, ಹರಳೆಣ್ಣೆಯ ಕಮಟು ವಾಸನೆ ಏರಿಯವರೆಗೂ. ಅವುಗಳ ಮುಂದೆ ಸಾಹೇಬರು ತಲೆಯ ಮೇಲೆ ಒಂದು ಬಟ್ಟೆ ಹಾಕಿಕೊಂಡು ಏನೋ ಗೊಣಗುತ್ತ ನಿಂತಿದ್ದಾರೆ.

ನಮ್ಮ ಕಡೆ ಬದುಕಿರುವವರ ಮನೆಯಲ್ಲಿ ದಕ್ಷಿಣಕ್ಕೆ ದೀಪದ ಮುಖ ಮಾಡುವುದಿಲ್ಲ. ಅದು ಸತ್ತವರ ದೀಪ. ಒಬ್ಬ ಸತ್ತರೆ ಒಂದು. ಚಿಕ್ಕಪ್ಪ ನೇರವಾಗಿ ಮನೆಗೆ ಬಂದಿದ್ದರೆ ಆಗುತ್ತಿತ್ತು, ಹೋಟೆಲಿನ ಮುಂದೆ ನಿಂತರು. "ಅಯ್ಯೋ, ಅಷ್ಟೊಂದು ಪ್ರೇತ ಒಬ್ಬ ಮನುಷ್ಯನ ಬೆನ್ನು ಹತ್ತಿರಬೇಕಾದರೆ ಅವನು ಏನು ಮಾಡಿರಬೇಕು! ಇದು ಪ್ರಾಯಶ್ಚಿತ್ತವೇ ಸರಿ" ಎಂದುಬಿಟ್ಟರು. ಪುರೋಹಿತರ ಬಾಯಲ್ಲಿ ಬಂದ ಮಾತು. ಅಲ್ಲಿಗೆ ತಮಾಷೆ ಮುಗಿಯಿತು.

ಆ ಯುಗಾದಿಯ ಬೇವು ನನಗೆ ಇನ್ನೂ ಕಹಿಯಾಗಿಯೇ ನೆನಪಿದೆ. ಬಿಸಿಲು ಹೊತ್ತಿ ಉರಿಯುತ್ತಿತ್ತು, ಕೆರೆ ತಳ ಕಾಣುತ್ತಿತ್ತು, ಊರು ಸಣ್ಣ ದನಿಯಲ್ಲಿ ಮಾತಾಡುತ್ತಿತ್ತು. ಸಾಹೇಬರು ಮತ್ತೆ ಶೆಡ್ಡು ತೆಗೆದರು, ಆದರೆ ಗಾಡಿಗಳು ಬರಲಿಲ್ಲ. ಹಾಲಿನವಳು ಹಾಲು ನಿಲ್ಲಿಸಿದಳು. ಯಾರೋ ತಗಡಿನ ಮೇಲೆ ಕಲ್ಲು ಎಸೆದರು. ಸಾಹೇಬರ ಮುಖ ನೋಡಿದವರಿಗೆಲ್ಲ ಈಗ ಏನೇನೋ ಕಾಣತೊಡಗಿತು. ಕೆನ್ನೆಯ ಮೇಲಿನ ಹಳೆಯ ಗಾಯದ ಗುರುತು, ಯಾರ ಜೊತೆಯೂ ಹೆಚ್ಚು ಮಾತಿಲ್ಲದ್ದು, ಮದುವೆಯಾಗದೆ ಉಳಿದದ್ದು, ಎಲ್ಲವೂ ಸಾಕ್ಷಿಯಾಯಿತು. ಇನ್ನೊಂದು ಕಡೆ ಇನಾಮಿನ ಪಾಲು ಯಾರಿಗೆ ಎಷ್ಟು ಎಂಬ ಜಗಳ ಶುರುವಾಗಿತ್ತು. ಪೇಪರು ಓದಿದವನು ನಾನು ಎಂದು ಪುಟ್ಟಸ್ವಾಮಿ. ದೀಪ ಕಂಡವರು ಅಯ್ನೋರು ಎಂದು ಇನ್ನೊಬ್ಬ. ಹಣತೆ ಮಾರಿದವನು ನಾನು ಎಂದು ಕುಂಬಾರ. ಇನ್ನೂ ಬಾರದ ದುಡ್ಡಿಗೆ ಊರಿನ ಅರ್ಧ ಜನ ಮಾತು ಬಿಟ್ಟರು.

ನನ್ನ ಪಾಠವೂ ನಿಂತಿತು. ಮನಸ್ಸು ಒಪ್ಪುತ್ತಿರಲಿಲ್ಲ, ಆದರೆ ಹೆದರಿಕೆಯೂ ಹೋಗುತ್ತಿರಲಿಲ್ಲ. ಆ ಬಿಳಿಚಿದ ಮುಖ ಕಣ್ಣ ಮುಂದೆ ಬರುತ್ತಿತ್ತು. ಒಂದು ಮಧ್ಯಾಹ್ನ ಪುಟ್ಟಸ್ವಾಮಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೇಲೂರಿನ ಬಸ್ಸು ಹತ್ತಿದ. ಪೊಲೀಸರಿಗೆ ತಿಳಿಸಲು ಹೋದ ಎಂದು ಮಕ್ಕಳೇ ನನಗೆ ಹೇಳಿದವು.

ಮಾರನೆಯ ದಿನ ಜೀಪು ಬಂತು. ಸಬ್‌ಇನ್ಸ್‌ಪೆಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಭಾಷೆಗೆ ಬೇಕು ಎಂದು ನನ್ನನ್ನು ಶಾಲೆಯಿಂದ ಕರೆಸಿದರು. ಚಿಕ್ಕಮ್ಮ ಸೆರಗು ಬಿಗಿದುಕೊಂಡು ನನ್ನ ಹಿಂದೆಯೇ ಬಂದಳು. ಚಿಕ್ಕಪ್ಪನನ್ನು ಸಾಕ್ಷಿ ಎಂದು ಮೊದಲೇ ಕರೆತಂದು ನಿಲ್ಲಿಸಿದ್ದರು. ಊರೆಲ್ಲ ಅಲ್ಲೇ ಇತ್ತು.

"ಬಾ. ಕೂತ್ಕೋ" ಎಂದರು ಸಾಹೇಬರು ಇನ್ಸ್‌ಪೆಕ್ಟರಿಗೆ.

ಪೇದೆಯ ಕೈ ಲಾಠಿಗೆ ಹೋಯಿತು. "ಸಾರ್, ಅವರಿಗೆ ಬರೋದೇ ಅಷ್ಟು. ತೋಟದ ಆಳುಗಳು ಕಲಿಸಿದ ಕನ್ನಡ ಸಾರ್" ಎಂದೆ ಗಾಬರಿಯಿಂದ. ಇನ್ಸ್‌ಪೆಕ್ಟರು ಕೂರಲಿಲ್ಲ.

"ಯಾವ ದೇಶ?"

"ಜರ್ಮನಿ."

"ಯುದ್ಧದ ಕಾಲದಲ್ಲಿ ಎಲ್ಲಿದ್ರಿ?"

"ಜೈಲು."

"ಒಪ್ಕಂಡ ಕಣ್ರಲಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ಗುಂಪು ಒಂದು ಹೆಜ್ಜೆ ಮುಂದೆ ಬಂತು.

"ಯಾವ ಜೈಲು? ಯಾಕೆ?"

"ಇಲ್ಲೇ, ಇಂಡಿಯಾ. ಇಂಗ್ಲಿಷ್‌ನೋರು ಹಿಡಿದರು. ಜರ್ಮನ್ ಅಂತ." ಅದಕ್ಕೆ ಆಧಾರ ಏನು ಎಂದು ಕೇಳಿದ್ದಕ್ಕೆ ಸಾಹೇಬರು ಬರಿಗೈ ತೋರಿಸಿದರು.

"ಆ ದೀಪ ಯಾರಿಗೆ?" ಎಂದರು ಇನ್ಸ್‌ಪೆಕ್ಟರು.

ನಾನು ಸಾಹೇಬರಿಗೆ ಇಂಗ್ಲಿಷಿನಲ್ಲಿ ಹೇಳಿ ಎಂದೆ. ಅವರು ಬೇಡ ಎಂದು ತಲೆಯಾಡಿಸಿ, ಜನರ ಕಡೆ ತಿರುಗಿ, ತಮಗೆ ಬರುವ ಕನ್ನಡದಲ್ಲೇ ಹೇಳಿದರು. "ಒಂದು ನನ್ನ ಅಮ್ಮ. ಒಂದು ಅಕ್ಕ. ಅಕ್ಕನ ಗಂಡ. ಅಕ್ಕನ ಮಕ್ಕಳು." ಮಕ್ಕಳ ಹೆಸರು ಹೇಳುತ್ತ ಪ್ರತಿ ಹೆಸರಿಗೂ ಅಂಗೈ ಚಾಚಿ ಎತ್ತರ ತೋರಿಸಿದರು. ಎದೆಯ ಮಟ್ಟ. ಸೊಂಟದ ಮಟ್ಟ. ಆಮೇಲೆ ಬಗ್ಗಿ ಮೊಣಕಾಲಿನ ಹತ್ತಿರ ಕೈ ಹಿಡಿದರು. ಅಲ್ಲೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು. "ಆಮೇಲೆ ಪಕ್ಕದ ಮನೆಯವರು. ನನಗೆ ಗಣಿತ ಹೇಳಿದ ಮೇಷ್ಟ್ರು. ಎಲ್ಲಾ ನಮ್ಮ ಬೀದಿ. ನಾವು ಯೆಹೂದಿ ಜನ. ಎಲ್ಲರನ್ನೂ ಒಂದೇ ರೈಲಿಗೆ ಹಾಕಿದರು. ನಾನು ಇಲ್ಲಿ ಇದ್ದೆ, ಅದಕ್ಕೆ ಉಳಿದೆ. ಪೇಪರಲ್ಲಿ ಬಂತಲ್ಲ, ಅವನು ಹಾಕಿಸಿದ."

ರೈಲು ಎಂದರೆ ನನಗೆ ಮನೆಯ ಜೋಗುಳವಾಗಿತ್ತು. ಆ ಮಾತು ಕೇಳಿದ ಮೇಲೆ ಎಷ್ಟೋ ದಿನ ಅರಸೀಕೆರೆಯ ಮನೆಯಲ್ಲಿ ಮಲಗಿದರೆ ಗೂಡ್ಸ್ ಗಾಡಿಯ ಸದ್ದಿಗೆ ಎದ್ದು ಕೂರುತ್ತಿದ್ದೆ.

ಪುಟ್ಟಸ್ವಾಮಿ ಸುಲಭವಾಗಿ ಬಿಡುವವನಲ್ಲ. "ಹಂಗಿದ್ರೆ ಇಷ್ಟು ವರ್ಸ ಯಾಕೆ ಹಚ್ಚಲಿಲ್ಲ? ಪೇಪರಾಗೆ ಬಂದ್ ಮ್ಯಾಲೇ ಯಾಕೆ?" ಎಂದ.

"ಹಚ್ಚಿದೆ. ಪ್ರತಿ ವರ್ಷ ಒಂದು ದೀಪ, ಒಳಗೆ," ಎಂದರು ಸಾಹೇಬರು. "ಈ ವರ್ಷ ನೀನು ಓದಿದೆ, ಅವನನ್ನ ಹುಡುಕುತಾರೆ ಅಂತ. ಸತ್ತವರಿಗೂ ಗೊತ್ತಾಗಲಿ. ಅದಕ್ಕೆ ಎಲ್ಲರಿಗೂ ಒಂದೊಂದು, ಹೊರಗೆ."

ಪುಟ್ಟಸ್ವಾಮಿ ಗುಂಪಿನ ಹಿಂದಕ್ಕೆ ಸರಿದ.

ಆಗ ಚಿಕ್ಕಮ್ಮ ಮುಂದೆ ಬಂದಳು. ಗಂಡಸರ ನಡುವೆ ಅವಳು ದನಿ ಎತ್ತಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. "ಏನ್ರೀ, ನೀವು ಶಾಸ್ತ್ರ ಓದಿದೋರು. ಎಲ್ಲರೆದುರಿಗೆ ಹೇಳಿ. ಸತ್ತೋರಿಗೆ ದೀಪ ಇಡೋ ಅಧಿಕಾರ ಯಾರಿಗೆ? ಕೊಂದೋನಿಗಾ, ಕಳಕೊಂಡೋನಿಗಾ?"

ಚಿಕ್ಕಪ್ಪನ ಮುಖ ನೋಡಲಾಗುತ್ತಿರಲಿಲ್ಲ. "ರಕ್ತಸಂಬಂಧಿಗೆ," ಎಂದರು. "ಕೊಂದವನಿಗೆ ಆ ಅಧಿಕಾರ ಇಲ್ಲ. ನಾನು ದುಡುಕಿದೆ." ಆಮೇಲೆ ಏನೋ ಹೊಳೆದವರಂತೆ ಸಾಹೇಬರ ಹತ್ತಿರ ಹೋಗಿ ಕೇಳಿದರು. "ಅಲ್ಲಾ, ಅಮಾವಾಸ್ಯೆ, ಹರಳೆಣ್ಣೆ, ದಕ್ಷಿಣ ದಿಕ್ಕು, ಇದೆಲ್ಲ ನಮ್ಮ ಕ್ರಮ. ನಿಮಗೆ ಯಾರು ಹೇಳಿಕೊಟ್ಟರು?"

"ರೈಟರ್. ಅರೇಹಳ್ಳಿ ತೋಟದ ರೈಟರ್ ಸುಬ್ಬರಾಯ. ಅಮ್ಮ ಸತ್ತ ದಿನ ನನಗೆ ಗೊತ್ತಿಲ್ಲ. ದಿನ ಗೊತ್ತಿಲ್ಲ ಅಂದರೆ ಅಮಾವಾಸ್ಯೆ ಮಾಡು ಅಂದ."

ತೋಟದ ಲೆಕ್ಕ ಬರೆಯುವ ಗುಮಾಸ್ತರನ್ನು ಆ ಕಡೆ ರೈಟರು ಎನ್ನುತ್ತಾರೆ. ಯುದ್ಧದ ಕಾಲದಲ್ಲಿ ಈ ಮನುಷ್ಯ ಎಲ್ಲಿದ್ದ ಎಂದು ಹೇಳಬಲ್ಲವರು ಒಬ್ಬರಾದರೂ ಇದ್ದಾರೆ ಎಂದಾಯಿತು. ಆದರೆ ಇನ್ಸ್‌ಪೆಕ್ಟರು ತಲೆಯಾಡಿಸಿದರು. "ದೂರು ಬಂದಾಗಿದೆ, ನಾನು ಹಾಸನಕ್ಕೆ ತಿಳಿಸಿಯೂ ಆಗಿದೆ. ಕರ್ಕೊಂಡು ಹೋಗಲೇಬೇಕು. ನಾಳೆ ಸಂಜೆ ಜೀಪು ಹಾಸನಕ್ಕೆ ಹೊರಡುತ್ತೆ. ಅಲ್ಲಿಂದ ಬೆಂಗಳೂರು. ಆಮೇಲೆ ಯಾವ ದೇಶಕ್ಕೆ ಕಳಿಸ್ತಾರೋ ನನ್ನ ಕೈಯಲ್ಲಿಲ್ಲ. ಆ ರೈಟರನ್ನ ಅಷ್ಟರಲ್ಲಿ ತಂದು ನಿಲ್ಲಿಸಿದರೆ ಹೇಳಿಕೆ ಬರ್ಕೋತೀನಿ."

ಯಾವ ದೇಶಕ್ಕೆ ಎಂದದ್ದು ಸಾಹೇಬರಿಗೆ ಅರ್ಥವಾಯಿತು. ಅಷ್ಟು ಹೊತ್ತು ನೇರವಾಗಿ ನಿಂತಿದ್ದವರು ಗೋಡೆಗೆ ಕೈ ಕೊಟ್ಟರು. "ಅಲ್ಲಿಗೆ ಬೇಡ. ನನ್ನನ್ನ ಇಲ್ಲೇ ಸಾಯಿಸು" ಎಂದು ಇನ್ಸ್‌ಪೆಕ್ಟರಿಗೆ ಹೇಳಿದರು. ಜೀಪು ಹೋದ ಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮರುದಿನ ಹಾಸನದಲ್ಲಿ ನನ್ನ ಗಣಿತದ ಪೇಪರು. ಬೆಳಿಗ್ಗೆ ಪೆನ್ನಿಗೆ ಇಂಕು ತುಂಬಿ, ದೇವರಿಗೆ ಕೈ ಮುಗಿದು ಬಸ್ಸಿಗೆ ಹೋದೆ. ಹಾಸನದ ಬಸ್ಸೂ ಬೇಲೂರಿನ ಬಸ್ಸೂ ಬೆನ್ನಿಗೆ ಬೆನ್ನು ಹಾಕಿ ನಿಂತಿದ್ದವು. ಚಿಕ್ಕಮ್ಮ ಆಗಲೇ ಬೇಲೂರಿನ ಬಸ್ಸಿನಲ್ಲಿ ಕೂತಿದ್ದಳು, ಓದುಬರಹವಿಲ್ಲದವಳು, ಬೇಲೂರು ದಾಟಿ ಆಚೆ ಹೋಗದವಳು. ನಾನು ಹೋಗಿ ಅವಳ ಪಕ್ಕದಲ್ಲಿ ಕೂತೆ. ಅವಳು ನನ್ನ ಕೈ ಹಿಡಿದುಕೊಂಡಳು. ಪುಟ್ಟಸ್ವಾಮಿ ಸೀಟಿ ಊದಿದ. ಬಸ್ಸು ಅಲುಗಿದ ಮೇಲೆ ಅವನೂ ಫುಟ್‌ಬೋರ್ಡಿಗೆ ನೆಗೆದ.

"ನೀನ್ಯಾಕೋ?" ಎಂದಳು ಚಿಕ್ಕಮ್ಮ.

"ನಂಗೂ ಸಣ್ ಮಗಳು ಐತೆ ಕಣವ್ವ. ಮೊಣಕಾಲ್ ಮಟ್ಟಕ್ಕವ್ಳೆ" ಎಂದು ಆಚೆ ಮುಖ ತಿರುಗಿಸಿದ.

ಬೇಲೂರಿನಲ್ಲಿ ಬಸ್ಸು ಬದಲಿಸಿ ಅರೇಹಳ್ಳಿಗೆ ಹೋದೆವು. ಮಧ್ಯಾಹ್ನದ ಹೊತ್ತಿಗೆ ಮೋಡ ಕವಿದು ಸೆಖೆ ಉಸಿರು ಕಟ್ಟಿಸುತ್ತಿತ್ತು. ಸುಬ್ಬರಾಯರು ತೋಟದ ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು. ಕೇಳಿಕೊಂಡು ಕೇಳಿಕೊಂಡು ಮನೆ ಹುಡುಕಿದರೆ ಮುದುಕರು ವಾತ ಹಿಡಿದ ಕಾಲು ಚಾಚಿಕೊಂಡು ಮಲಗಿದ್ದಾರೆ. ವಿಷಯ ಕೇಳಿ ಎದ್ದು ಕೂತರು. "ವಾಲ್ಟರ್ ಸಾಹೇಬರು ಕೊಲೆಗಾರರೇ? ಹೇಳಿದವನ ನಾಲಿಗೆಗೆ ಏನಾಗಿದೆ?" ಎಂದರು. ಹೇಳಿದವನು ಅಲ್ಲೇ ತಲೆ ತಗ್ಗಿಸಿ ನಿಂತಿದ್ದ. ಬರುತ್ತೇನೆ ಎಂದೇನೋ ಹೊರಟರು, ಆದರೆ ಹೆಜ್ಜೆ ಏಳಲಿಲ್ಲ. ಸಂಜೆಗೆ ಮುಂಚೆ ಬೇಲೂರಿಗೆ ಇದ್ದದ್ದು ಒಂದೇ ಬಸ್ಸು, ಅದರ ಹಾರನ್ ಆಗಲೇ ಕೇಳುತ್ತಿತ್ತು. ಪುಟ್ಟಸ್ವಾಮಿ ಓಡಿದ. ಅದು ಅವನ ಕಂಪನಿಯ ಬಸ್ಸಲ್ಲ, ಅಲ್ಲಿ ಅವನ ಸೀಟಿಗೆ ಬೆಲೆ ಇಲ್ಲ. ನಾವು ಮುದುಕರನ್ನು ಆಚೆ ಈಚೆ ಹಿಡಿದು ನಡೆಸಿಕೊಂಡು ಬರುವಾಗ ನೋಡುತ್ತೇವೆ, ಬಸ್ಸಿನ ಮುಂದೆ ರಸ್ತೆಯ ಮೇಲೆ ಅಂಗಾತ ಮಲಗಿದ್ದಾನೆ. ಡ್ರೈವರು ಬಾಯಿಗೆ ಬಂದಂತೆ ಬೈಯುತ್ತಿದ್ದ. "ಬೈಕೊಳ್ಳಣ್ಣ, ನಂಗಿದು ಆಗ್ಬೇಕಾದ್ದೇ" ಎನ್ನುತ್ತಿದ್ದ ಇವನು.

ಬೇಲೂರಿನ ಸ್ಟೇಷನ್ನು ತಲುಪಿದಾಗ ಜೀಪಿನ ಎಂಜಿನ್ನು ಚಾಲೂ ಆಗಿತ್ತು. ಹಿಂದಿನ ಸೀಟಿನಲ್ಲಿ ಇಬ್ಬರು ಪೇದೆಗಳ ನಡುವೆ ಸಾಹೇಬರು ಕಣ್ಣು ಮುಚ್ಚಿ ಕೂತಿದ್ದರು. ಸುಬ್ಬರಾಯರನ್ನು ಕಂಡು ಎದ್ದು ನಿಲ್ಲಲು ಹೋಗಿ ತಲೆಗೆ ಕಂಬಿ ತಗುಲಿಸಿಕೊಂಡರು.

ಸುಬ್ಬರಾಯರು ಹೇಳಿಕೆ ಕ್ರಮವಾಗಿ ಕೊಟ್ಟರು. ಯುದ್ಧಕ್ಕೆ ಮುಂಚಿನ ಕಾಫಿ ಕೊಯ್ಲಿನಲ್ಲಿ ಸಾಹೇಬರು ಬಂದದ್ದು. ಯುದ್ಧ ಶುರುವಾದ ಕೂಡಲೇ ಬ್ರಿಟಿಷರು ಹಿಡಿದುಕೊಂಡು ಹೋದದ್ದು, ಹೋಗುವಾಗ ಪಲ್ಪಿಂಗ್ ಮಿಷನ್ನಿನ ಮನೆಯ ಬೀಗದ ಕೈ ಇವರ ಕೈಗೆ ಕೊಟ್ಟದ್ದು, ಬಿಡುಗಡೆಯಾಗಿ ಬಂದು ಇವರ ಕೈಯಿಂದಲೇ ತೆಗೆದುಕೊಂಡದ್ದು. "ಆಮೇಲೆ ಒಂದು ದಿನ ಊರಿಂದ ಸುದ್ದಿ ಬಂತು ಸ್ವಾಮಿ. ಊಟ ಬಿಟ್ಟು ಕೂತರು. ಏನು ಹೇಳೋದು? ನನಗೆ ಗೊತ್ತಿದ್ದದ್ದು ನಮ್ಮ ಕ್ರಮ, ಅದನ್ನೇ ಹೇಳಿದೆ. ನಿಮ್ಮದು ಯಾವ ಜಾತಿ ಅಂತ ಕೇಳಲಿಲ್ಲ. ತಾಯಿ ಹೋದೋನನ್ನ ಹಾಗೆಲ್ಲ ಕೇಳ್ತಾರೆಯೇ?" ಎಂದರು.

ಇನ್ಸ್‌ಪೆಕ್ಟರು ಪೆನ್ನು ಮುಚ್ಚಿದರು. ಹೊರಗೆ ಹೋಗಿ ಜೀಪು ನಿಲ್ಲಿಸಲು ಹೇಳಿದರು.

ಸಾಹೇಬರು ಇಳಿದು ಬಂದು ಮೊದಲು ರೈಟರನ್ನು ತಬ್ಬಿಕೊಂಡರು. ಆಮೇಲೆ ನನ್ನನ್ನು ನೋಡಿ ಅವರ ಹುಬ್ಬು ಗಂಟಿಕ್ಕಿತು. "ಇವತ್ತು ನಿನ್ನ ಗಣಿತ ಅಲ್ಲವಾ? ಪರೀಕ್ಷೆ ಬಿಟ್ಟೆಯಾ? ನಿನಗೆ ಬುದ್ಧಿ ಇಲ್ಲ!" ಎಂದು ಸ್ಟೇಷನ್ನಿನ ಅಂಗಳದಲ್ಲೇ ಬೈದರು. ಬೈಯುತ್ತ ಬೈಯುತ್ತ ಅಳಲು ಶುರುಮಾಡಿದರು. ನಾನೂ ಅತ್ತೆ. ಆ ಪೇಪರನ್ನು ಮುಂದಿನ ವರ್ಷ ಕಟ್ಟಿ ಪಾಸು ಮಾಡಿದೆ, ಅವರು ಬಿಡುವವರಲ್ಲ.

ಊರು ಕ್ಷಮೆ ಕೇಳಲಿಲ್ಲ. ಹಾಗೆ ಕೇಳುವ ರೂಢಿ ನಮ್ಮಲ್ಲಿ ಇಲ್ಲ. ಆದರೆ ಮಾರನೆಯ ದಿನ ಬೆಳಿಗ್ಗೆ ಶೆಡ್ಡಿನ ಮುಂದೆ ಎಂಜಿನ್ನಿನ ಗಾಡಿಗಳು ಸಾಲು ನಿಂತಿದ್ದವು. ಅದರಲ್ಲಿ ಕೆಲವು ಎಂಜಿನ್ನು ಕೆಟ್ಟೇ ಇರಲಿಲ್ಲ ಎಂದು ಸಾಹೇಬರು ಆಮೇಲೆ ನಗುತ್ತ ಹೇಳಿದರು. ಹಾಲಿನವಳು ಗಿಣ್ಣು ತಂದುಕೊಟ್ಟಳು. ಪುಟ್ಟಸ್ವಾಮಿ ಅವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡ. ಪೇಪರು ಬಂದ ಕೂಡಲೇ ಬೆಂಚಿನ ಮೇಲೆ ಕೂರದೆ ಶೆಡ್ಡಿಗೆ ಹೋಗುತ್ತಿದ್ದ. ಅಲ್ಲಿ ಪೂರ್ತಿ ಓದುತ್ತಿದ್ದ. ಸಾಹೇಬರು ಕೆಲಸದಿಂದ ತಲೆ ಎತ್ತದೆ "ಸಿಕ್ಕಿದನಾ?" ಎನ್ನುತ್ತಿದ್ದರು. "ಇಲ್ಲ ಸಾಹೇಬ್ರೆ, ಇವತ್ತೂ ಇಲ್ಲ" ಎಂದು ಇವನು ಪೇಪರು ಮಡಚಿಕೊಂಡು ಬರುತ್ತಿದ್ದ. ಊರು ಅಷ್ಟು ಹೊತ್ತು ಕಾಯುತ್ತಿತ್ತು.

ನನಗೆ ವರ್ಗವಾಯಿತು, ಮದುವೆಯಾಯಿತು. ಸಾಹೇಬರು ಹಳೇಬೀಡಿನಲ್ಲೇ ತೀರಿಕೊಂಡರು ಎಂದು ಚಿಕ್ಕಮ್ಮ ಹೇಳಿ ಕಳಿಸಿದ್ದಳು. ಅವರ ದೀಪದ ಪ್ರಶ್ನೆ ಬಂದಾಗ, ರಕ್ತಸಂಬಂಧಿ ಎಂದು ಯಾರೂ ಇಲ್ಲವಲ್ಲ ಎಂದು ಜನ ಚಿಕ್ಕಪ್ಪನನ್ನು ಕೇಳಿದರಂತೆ. ಈ ಸಲ ಅವರು ಮಾತಾಡುವ ಮುಂಚೆ ಬಹಳ ಹೊತ್ತು ಯೋಚಿಸಿದರಂತೆ. "ಯಾರೂ ಇಲ್ಲದವರಿಗೆ ಊರು ಮಾಡಬಹುದು" ಎಂದರಂತೆ.

ಕೆಲಸದಿಂದ ನಿವೃತ್ತಳಾದ ಮೇಲೆ ಒಮ್ಮೆ ಹಳೇಬೀಡಿಗೆ ಹೋಗಿದ್ದೆ. ಬೇಕೆಂದೇ ಫಾಲ್ಗುಣದ ಅಮಾವಾಸ್ಯೆ ನೋಡಿಕೊಂಡು ಹೋದೆ. ಚಿಕ್ಕಪ್ಪ ಚಿಕ್ಕಮ್ಮ ಇಬ್ಬರೂ ಆಗ ಇರಲಿಲ್ಲ. ಪುಟ್ಟಸ್ವಾಮಿ ಇದ್ದ, ಕಣ್ಣು ಪೂರ್ತಿ ಹೋಗಿತ್ತು. ಅವನ ಜಗಲಿಯ ಮೇಲೆ, ಮೆಟ್ಟಿಲ ಮೇಲೆ, ದಕ್ಷಿಣಕ್ಕೆ ಮುಖ ಮಾಡಿ ಹಣತೆಗಳು ಉರಿಯುತ್ತಿದ್ದವು. ಸಾಹೇಬರದೂ ಸೇರಿ ಒಂದು ಹೆಚ್ಚು. ಅವನ ಮಗಳು, ಆ ಮೊಣಕಾಲ ಮಟ್ಟದವಳು, ಈಗ ತಲೆ ನೆರೆಯುತ್ತಿದ್ದ ಹೆಂಗಸು, ಬಗ್ಗಿ ಎಣ್ಣೆ ಬಿಡುತ್ತಿದ್ದಳು.

ನನ್ನ ದನಿ ಕೇಳಿ ಅವನು ಗುರುತು ಹಿಡಿದ. ಹತ್ತಿರ ಕರೆದು ನನ್ನ ಕೈ ತಡವಿದ. "ಮೇಡಮ್ಮ, ನಂಗೆ ಓದಕ್ಕೆ ಆಗಕಿಲ್ಲ. ಇವ್ಳು ಓದ್ತಾಳೆ, ಆದ್ರೆ ಎಲ್ಲಾ ಓದ್ತಾಳೋ ಇಲ್ವೋ. ನೀವು ದಿನಾ ಪೇಪರ್ ನೋಡೋರು. ಅವ್ನು ಸಿಕ್ಕಿದ್ನಂತಾ?"

ಇಲ್ಲ ಎಂದೆ.

"ಇನಾಮ್ಗಲ್ಲ ಕಣಮ್ಮ, ತಪ್ಪು ತಿಳ್ಕಬ್ಯಾಡಿ," ಎಂದ. ಕಾಣದ ಕಣ್ಣನ್ನು ದೀಪಗಳ ಕಡೆಗೆ ತಿರುಗಿಸಿ, ಕೈ ಚಾಚಿ ನೆಲದಿಂದ ಮೊಣಕಾಲಿನಷ್ಟು ಎತ್ತರದಲ್ಲಿ ಹಿಡಿದ. "ಈ ಕೂಸುಗಳ್ಗೆ ಹೇಳ್ಬೇಕು, ಅವ್ನು ಸಿಕ್ದ ಅಂತ. ಪ್ರತಿ ವರ್ಸ ಸುಮ್ಕೆ ದೀಪ ಹಚ್ಚಿ ಸುಮ್ಕೆ ಎದ್ದು ಬತ್ತೀನಿ."